ಒಳಗಿನ ಅಗಳಿ

ಗಂಜಾಮಿನ ಬಡಗಿ ಕಾಳಾಚಾರಿ ಸುಳ್ಳು ಹೇಳುವವನಲ್ಲ. ಸಾವಿರದ ಏಳ್ನೂರ ಎಂಬತ್ತೇಳರ ಬೇಸಿಗೆಯಲ್ಲಿ ಶ್ರೀರಂಗಪಟ್ಟಣದ ಕೋಟೆಯೊಳಗೆ ಹೊಸ ಖಜಾನೆಗೆ ಬಾಗಿಲು ಕೂರಿಸಿದವನು ಅವನೇ. ಮೂರು ಮೊಳ ದಪ್ಪದ ಕಲ್ಲುಗೋಡೆ, ಕಮಾನಿನ ಚಾವಣಿ, ಹೆಸರಿಗೂ ಒಂದು ಕಿಟಕಿಯಿಲ್ಲ. ಇದ್ದದ್ದು ಅದೊಂದೇ ಬಾಗಿಲು. ಅದಕ್ಕೂ ಚಿಲಕ ಹೊರಗೆ ಮಾತ್ರ. ಒಳಗೆ ಅಗಳಿಯನ್ನೇ ಇಟ್ಟಿರಲಿಲ್ಲ.

ಮಟಮಟ ಮಧ್ಯಾಹ್ನ ಕೆಲಸ ಮುಗಿಸಿ, ಹೊರಗೆ ಬಂದು ಕದ ಮುಚ್ಚಿ ನೋಡಿದ. ಒಳಗಿನಿಂದ ಯಾರೋ ಅಗಳಿ ಹಾಕಿದ ಸದ್ದಾಯಿತು. ತಳ್ಳಿದರೆ ಕದ ಅಲುಗಲಿಲ್ಲ. ಆ ಬಿಸಿಲಲ್ಲೂ ಮರ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಸಂಜೆಗೆ ಖಜಾನೆಯ ಪೆಟ್ಟಿಗೆಗಳು ಬರುವುದಿತ್ತು. ಕದ ತೆರೆಯದಿದ್ದರೆ ತನ್ನ ತಲೆ ಉಳಿಯದೆಂದು ಅವನು ಮತ್ತೆ ಮತ್ತೆ ಕದಕ್ಕೆ ಹೆಗಲು ಕೊಟ್ಟ.

ಬುತ್ತಿ ತಂದ ಹೆಂಡತಿ ಮೂಗಮ್ಮ ವಿಷಯ ಕೇಳಿ, ಕುಕ್ಕೆ ಇಳಿಸಿ ಕದ ತಟ್ಟಿದಳು.

“ಒಳ್ಗಿರೋರು ಯಾರಪ್ಪ? ನೀನು ಅಲ್ಲೇ ಇರ್ತೀನಿ ಅಂದ್ರೆ ಇರು, ನಾವ್ಯಾರು ಬ್ಯಾಡ ಅನ್ನಾಕೆ. ನಮ್ಮನೆಯವ್ರ ಮರ ಕೆತ್ತೋ ಬಾಚಿ ಒಳ್ಗೇ ಉಳ್ಕಂಡದೆ, ಕೊಟ್ಬುಡು. ಮುದ್ದೆ ಆರೋಯ್ತದೆ.”

ಒಳಗೆ ಅಗಳಿ ಸರಿಯಿತು, ಕದ ಗೇಣಗಲ ತೆರೆಯಿತು. ಬಾಚಿ ಹೊಸ್ತಿಲ ಮೇಲಿತ್ತು, ಮರ್ಯಾದೆಯಾಗಿ ಹಿಡಿ ಹೊರಕ್ಕೆ ಮಾಡಿ ಇಟ್ಟಂತೆ.

ಕದ ತಳ್ಳಿ ನೋಡಿದರೆ ಒಳಗೆ ಒಬ್ಬರೂ ಇರಲಿಲ್ಲ. ಕದದ ಹಿಂದೆ ತೇಗದ ಅಗಳಿಯೊಂದಿತ್ತು. ಕಾಳಾಚಾರಿ ಬೆರಳಾಡಿಸಿ ನೋಡಿದ. ಹೆದರಿಕೆಗಿಂತ ಮೊದಲು ಹೊಟ್ಟೆಕಿಚ್ಚಾಯಿತು.

“ನನ್ ಕೆಲ್ಸಕ್ಕಿಂತ ನಯವಾಗದೆ ಕಣಮ್ಮಿ,” ಎಂದ.

“ಅಂಗಾರೆ ಅವ್ರತ್ರ ಕಲ್ತ್ಕಳಿ. ಈಗ ಉಣ್ಣಿ,” ಎಂದಳು ಮೂಗಮ್ಮ.

ಅವನಿಗೆ ಉಣ್ಣಲಾಗಲಿಲ್ಲ. ಕದ ಕೂರಿಸಿ ಇನ್ನೂ ಒಂದು ದಿನವಾಗಿರಲಿಲ್ಲ. ಆ ಅಗಳಿಯ ಹಿಡಿ ಮಾತ್ರ, ತಲೆತಲಾಂತರದಿಂದ ಒಂದೇ ಕೈ ಎಳೆದಂತೆ, ನಾಲ್ಕು ಬೆರಳಿನ ಗುರುತಾಗಿ ಸವೆದಿತ್ತು.