ಐದು ನಲವತ್ತೇಳರ ಫೋಟೊ

"ನಮ್ಮ ಅಡುಗೆಮನೆ ನಿನ್ನ ಫೋಟೊದಲ್ಲಿ ಎಂತಕ್ಕೆ ಉಂಟು?"

ಸಾಧನಾ ಕ್ಯಾಮೆರಾವನ್ನು ಶೋಧನ್‌ನ ಮುಖಕ್ಕೆ ಹಿಡಿದು ಕೇಳಿದಳು. ಮೂರು ವರ್ಷ ಒಂದೇ ತರಗತಿ. ಕಾಲೇಜಿನ ಫೋಟೊಗ್ರಫಿ ವಿಭಾಗದವರು ಇಬ್ಬರಿಗೆ ಒಂದೇ ಕ್ಯಾಮೆರಾ ಕೊಟ್ಟಿದ್ದರು. ಆದರೂ ಅವಳು ಅವನೊಡನೆ ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು!

ಚಿತ್ರದಲ್ಲಿ ಅವಳ ಮನೆಯದೇ ಕಿಟಕಿ. ಅದರ ಕೆಳಗೆ ಅನ್ನ ಬಡಿಸುತ್ತಿರುವ ಕೈ... ಅಮ್ಮ ಪ್ರಭಾವತಿಯ ಕೈ. ಮೂಲೆಯಲ್ಲಿ ಸಮಯ, ಸಂಜೆ 5:47.

ಶೋಧನ್ ಬೆವರಿದ. "ಅಳಿಸ್ಲಿಕ್ಕೆ ಮರೆತೆ."

"ನಾನು ಕೇಳಿದ್ದು ಅದಲ್ಲ."

"ಶನಿವಾರ ಯೋಜನೆ ಪುಸ್ತಕ ಕೊಟ್ಟ ಮೇಲೆ ಹೇಳ್ತೇನೆ. ಅಲ್ಲಿವರೆಗೆ ಕೇಳ್ಬೇಡ."

ಇಷ್ಟು ಹೇಳಿ ನರಿಕೊಂಬಿನ ಈ ಹುಡುಗ ಬಂಟ್ವಾಳದ ಬಸ್ಸು ಹಿಡಿಯಲು ಓಡಿಯೇಬಿಟ್ಟ. ತಪ್ಪಿಲ್ಲದವನು ಹೀಗೆ ಓಡುತ್ತಾನೆಯೇ? ನೀವೇ ಹೇಳಿ.

ಸಾಧನಾ ಆ ಫೋಟೊವನ್ನೇ ಮತ್ತೊಮ್ಮೆ ನೋಡಿದಳು. ಅಂತಿಮ ಪರೀಕ್ಷೆಯ ಫೋಟೊ ಯೋಜನೆಗೆ ಒಬ್ಬ ಕಲಾವಿದನನ್ನು ಆರಿಸಿ, ಅವನಿಂದ ಕಲಿತದ್ದನ್ನು ತನ್ನ ವಿಷಯಕ್ಕೆ ಬಳಸಬೇಕು. ಕಿಟಕಿಯ ಬೆಳಕಿನಲ್ಲಿ ಅಡುಗೆಮನೆಗಳನ್ನು ಬರೆದ ಹಳೆಯ ಡಚ್ ಚಿತ್ರಕಾರನೊಬ್ಬನನ್ನು ಅವಳು ಆರಿಸಿದ್ದಳು. ವಿಷಯ ಅವಳದೇ ಮನೆ. ಮೂಡುಬಿದಿರೆಯ ಅವರ ಜೈನ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಒಲೆ ಹಚ್ಚುವುದಿಲ್ಲ, ಊಟವಿಲ್ಲ. ಆ ಕೊನೆಯ ಬೆಳಕಿನ ಊಟವನ್ನು ತೆಗೆಯಬೇಕೆಂದು ಎರಡು ವರ್ಷದಿಂದ ಅಮ್ಮನ ಹೊರತು ಯಾರಿಗೂ ಹೇಳದೆ ಕಾದಿದ್ದಳು. ಈಗ ಇವನು!

ಇಬ್ಬರ ವಿಷಯ ಒಂದೇ ಆದರೆ ಕದ್ದವರು ಪರೀಕ್ಷೆಯಿಂದ ಹೊರಗೆ. ಕದ್ದದ್ದು ಅವಳೇ ಎಂದು ಅವನು ಸಾಧಿಸಿಬಿಟ್ಟರೆ?

ಮನೆಗೆ ಬಂದವಳೇ ಅಮ್ಮನನ್ನು ಹಿಡಿದಳು. "ನಾನು ಬೆಳ್ತಂಗಡಿಯ ಚಿಕ್ಕಮ್ಮನಲ್ಲಿಗೆ ಹೋಗಿದ್ದಾಗ ಯಾರು ಬಂದಿದ್ರು?"

"ನಿನ್ನ ಕ್ಲಾಸಿನವ. ಪಾಪ, ಹಸಿದಿದ್ದ. ಉಂಡು ಹೋದ."

"ಫೋಟೊ ತೆಗೆದನಾ?"

"ಕೇಳಿಯೇ ತೆಗೆದದ್ದು."

"ನನಗೆ ಯಾಕೆ ಹೇಳ್ಲಿಲ್ಲ ಅಮ್ಮಾ?"

ಪ್ರಭಾವತಿ ಸೊಪ್ಪು ಬಿಡಿಸುವುದರಲ್ಲಿ ಮುಳುಗಿದರು. "ಅವನೇ ಹೇಳ್ತಾನಂತೆ. ಹೇಳ್ಲಿ ಬಿಡು."

ಅಮ್ಮನ ತುಟಿಯಂಚಿನಲ್ಲಿ ನಗು ಕಂಡು ಸಾಧನಾಳಿಗೆ ಉರಿದುಹೋಯಿತು. ಸ್ವಂತ ಅಮ್ಮನೂ ಅವನ ಕಡೆಯೇ? ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರೆ. ಅವಳಿಗೆ ಆ ದಿನದಿಂದ ಎಲ್ಲವೂ ಹಾಗೆಯೇ ಕಂಡಿತು. ಶೋಧನ್ ಪುಸ್ತಕ ಮುಚ್ಚಿದರೆ ಅನುಮಾನ, ತೆರೆದರೂ ಅನುಮಾನ. ಅವನು ನಕ್ಕರಂತೂ ಮುಗಿಯಿತು.

ಆದರೂ ಅವನ ಹೆಸರು ಬರೆದು ದೂರು ಸಿದ್ಧಪಡಿಸುವಾಗ ಅವಳ ಕಣ್ಣು ತುಂಬಿತು. 'ಬೇರೆ ಯಾರಾದರೂ ಮಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲವಲ್ಲ...'

ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಶನಿವಾರ ದೂರನ್ನು ಅಧ್ಯಾಪಕ ಜತ್ತಪ್ಪ ಸರ್ ಕೈಗೆ ಕೊಟ್ಟಳು. ಅವರು ನಿಧಾನವಾಗಿ ಓದಿದರು.

"ಇದು ನಿಜ ಆದ್ರೆ ಅವನನ್ನು ಪರೀಕ್ಷೆಗೆ ಕೂರಿಸ್ಲಿಕ್ಕೆ ಆಗುವುದಿಲ್ಲ. ಗೊತ್ತುಂಟಲ್ಲ?"

"ಗೊತ್ತುಂಟು ಸರ್."

"ಹಾಗಾದ್ರೆ ನೀನೇ ನೋಡು."

ಅವರು ಶೋಧನ್‌ನ ಯೋಜನೆ ಪುಸ್ತಕವನ್ನು ಅವಳ ಮುಂದೆ ತಳ್ಳಿದರು. ವಿಷಯ: 'ರಾತ್ರಿ ಒಂಬತ್ತೂವರೆ, ಟ್ಯೂಬ್‌ಲೈಟಿನ ಕೆಳಗೆ ನಮ್ಮ ಮನೆಯ ಊಟ.' ಮುಂದಿನ ಪುಟದಲ್ಲಿ ಅದೇ ಅಡುಗೆಮನೆಯ ಫೋಟೊ. ಕೆಳಗೆ ಅವನ ಬರಹ: 'ಇದು ಸಾಧನಾಳ ವಿಷಯ ಎಂದು ಅವಳ ಅಮ್ಮ ಹೇಳಿದ ಮೇಲೆ ಗೊತ್ತಾಯಿತು. ನಾನು ಬಳಸುವುದಿಲ್ಲ. ಇದನ್ನು ನೋಡಿ ನನ್ನ ಮನೆಯ ಊಟ ನೆನಪಾಯಿತು, ಅಷ್ಟೆ.'

ಅವಳು ಪುಟ ತಿರುಗಿಸಿದಳು.

ಪ್ರೇರಣೆ ನೀಡಿದ ಕಲಾವಿದ: ಸಾಧನಾ, ತೃತೀಯ ವರ್ಷ. ಕಾರಣ: ಅವಳು ಯಾರನ್ನೂ ನಿಲ್ಲಿಸಿ ಫೋಟೊ ತೆಗೆಯುವುದಿಲ್ಲ. ಅವರು ಅವಳನ್ನು ಮರೆಯುವವರೆಗೆ ಕಾಯುತ್ತಾಳೆ. ನನಗೆ ಇನ್ನೂ ಬಾರದ ವಿದ್ಯೆ ಅದು.

"ಕ್ಲಾಸಿನವರ ಹೆಸರು ನಡೆಯುವುದಿಲ್ಲ, ಇಪ್ಪತ್ತು ಅಂಕ ಹೋಗ್ತದೆ ಅಂದೆ," ಸರ್ ಕನ್ನಡಕ ತೆಗೆದರು. "ಹೋಗ್ಲಿ ಸರ್ ಅಂದ. ಈಗ ಈ ದೂರು ಎಂತ ಮಾಡುವ?"

ಸಾಧನಾ ದೂರನ್ನು ವಾಪಸು ಕೇಳಿ ಪಡೆದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಗಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಶೋಧನ್ ಒಬ್ಬನೇ ಕೂತಿದ್ದ. ಅವಳು ದೂರಿನ ಕಾಗದವನ್ನೇ ಅವನ ಕೈಗಿಟ್ಟಳು. ಅವನು ಪೂರ್ತಿ ಓದಿದ.

"ಕಳ್ಳ ಅಂತ ಬರೆದಿದ್ದಿ."

"ಹೌದು. ನನ್ನದೇ ತಪ್ಪು... ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪುಸ್ತಕದಿಂದ ನನ್ನ ಹೆಸರು ತೆಗಿ ಅಂತಿದ್ದಿ."

"ಮನೆಗೆ ಬಂದದ್ದು ಎಂತಕ್ಕೆ?"

ಅವನು ಕಾಗದ ಮಡಚಿದ. "ಕ್ಯಾಮೆರಾ ಕೊಡ್ಲಿಕ್ಕೆ ಅಂತ ನಿನ್ನ ಅಮ್ಮನಲ್ಲಿ ಸುಳ್ಳು ಹೇಳಿದೆ. ನೀನು ಯಾಕೆ ಓಡ್ತಿ ಅಂತ ಕೇಳ್ಲಿಕ್ಕೆ ಬಂದದ್ದು. ಎರಡು ವರ್ಷ ನೋಡಿದ್ದೇನೆ, ಸಂಜೆ ಬೆಳಕು ಒಳ್ಳೆದಾಗುವ ಹೊತ್ತಿಗೇ ನೀನು ಬ್ಯಾಗ್ ಎತ್ತಿ ಓಡ್ತಿ. ನಾನು ಪಕ್ಕದಲ್ಲಿ ನಿಂತದ್ದು ನಿನಗೆ ಆಗುವುದಿಲ್ಲ ಅಂತ ಎಣಿಸಿದ್ದೆ."

"ಊಟಕ್ಕೆ ಓಡುವುದು ಮಾರಾಯ! ಮೂಡುಬಿದಿರೆಯಲ್ಲಿ ಮೂರು ವರ್ಷ ಕಲಿತು ಅಷ್ಟೂ ಗೊತ್ತಿಲ್ವಾ?"

"ಗೊತ್ತಿತ್ತು. ನನ್ನ ತಲೆಗೆ ಹೋಗ್ಲಿಲ್ಲ. ಅಮ್ಮ ತಟ್ಟೆ ಇಟ್ಟು, ಸೂರ್ಯ ಹೋಗುವ ಮೊದಲು ಉಣ್ಣು ಅಂದ್ರಲ್ಲ, ಆಗ ಎಷ್ಟು ಖುಷಿ ಆಯ್ತು ಗೊತ್ತುಂಟಾ? ನೀನು ಓಡುವುದು ನನ್ನಿಂದ ಅಲ್ಲ ಅಂತ."

ಸಾಧನಾ ನಗಲು ಹೋಗಿ ಅತ್ತುಬಿಟ್ಟಳು.

"ಅಳ್ಬೇಡ. ನನಗೆ ನೀನು ಇಷ್ಟ ಸಾಧನಾ. ಅದನ್ನು ಹೇಳ್ಲಿಕ್ಕೆ ಬೇರೆ ಪುಸ್ತಕ ಇರ್ಲಿಲ್ಲ."

"ಇಪ್ಪತ್ತು ಅಂಕ ಹೋಯ್ತಲ್ಲ..."

"ಹೋಗ್ಲಿ."

ಬಂಟ್ವಾಳದ ಬಸ್ಸು ಬಂತು. ಅವನು ಏಳಲಿಲ್ಲ. ಬಸ್ಸು ಹೊರಟು ತಿರುವು ದಾಟಿತು.

"ಗಂಟೆ ಐದು ಕಳೀತು," ಅವನೇ ಹೇಳಿದ. "ನಿನಗೆ ಓಡ್ಲಿಕ್ಕಿಲ್ವಾ?"

"ಉಂಟು." ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದೆಳೆದಳು. "ನೀನೂ ಬಾ."

"ಅಮ್ಮ ಕರೆದ್ರಾ?"

"ಅಲ್ಲ. ನಾನು ಕರೀತಾ ಇದ್ದೇನೆ."