ಹೆಜ್ಜೆಯ ಹಿಂದೆ ಬಂದ ಮೃದಂಗ

ಬಿರುಸು ಹೆಜ್ಜೆಗಳ ಉದ್ದನೆಯ ಜತಿಯಲ್ಲಿ ನನ್ನ ಕೊನೆಯ ಹೆಜ್ಜೆ ನೆಲ ಮುಟ್ಟಿದ ಮೇಲೆ ಅತ್ತೆಯ ತಾಳ ಬಿತ್ತು. ಮತ್ತೆ ಕುಣಿದೆ. ಮತ್ತೆ ಹಾಗೇ ಆಯಿತು.

"ಇಷ್ಟು ಅವಸರ ಯಾರಿಗೋಸ್ಕರ?" ಅತ್ತೆ ತಾಳ ಕೆಳಗಿಟ್ಟರು.

ಅತ್ತೆ ನನ್ನ ಅಪ್ಪನ ಅಕ್ಕ, ನನಗೆ ನಾಟ್ಯ ಕಲಿಸಿದ ಗುರು. ಕಣ್ಣಿನ ಆಪರೇಷನ್ ಆಗಿ, ಕೆಲವು ವಾರ ವಿಶ್ರಾಂತಿ ಪಡೆದು ಅಂದೇ ಕ್ಲಾಸಿಗೆ ಮರಳಿದ್ದರು. ಅವರಿಲ್ಲದಾಗ ನಾನೂ ಮೃದಂಗದವರೂ ಇಬ್ಬರೇ ಅಭ್ಯಾಸ ಮಾಡಿದ್ದೆವು. ಒಂದು ಹೆಜ್ಜೆಯೂ ತಪ್ಪಿಲ್ಲವೆಂದು ಬೀಗುತ್ತಿದ್ದೆ. ಮುಂದಿನ ತಿಂಗಳೇ ನನ್ನ ರಂಗಪ್ರವೇಶ.

ಅತ್ತೆ ಮೃದಂಗದವರ ಕಡೆ ತಿರುಗಿದರು. "ಇವಳು ಓಡಿದ ಕಡೆಗೆಲ್ಲ ನೀನೂ ಓಡಿದ್ದೀಯ, ಅಲ್ವೇನೋ?"

ಅವರು ತಲೆ ತಗ್ಗಿಸಿ ಮೃದಂಗದ ಬಾರು ಬಿಗಿಮಾಡತೊಡಗಿದರು. ಕಿವಿ ಕೆಂಪಾಗಿತ್ತು.

ಆಗ ಅರ್ಥವಾಯಿತು. ನಾನು ಅವಸರಪಟ್ಟಾಗಲೆಲ್ಲ ಅವರು ಒಂದು ಪೆಟ್ಟು ನುಂಗಿ, ನನ್ನ ಕಾಲಿನ ಜೊತೆಗೇ ಬಂದು ಸೇರುತ್ತಿದ್ದರು. ನನ್ನ ತಪ್ಪು ನನಗೇ ಕೇಳಿಸಿರಲಿಲ್ಲ.

"ವೇದಿಕೆ ಮೇಲೆ ಹೀಗಾದ್ರೆ ಇಷ್ಟು ವರ್ಷ ಕಲಿತದ್ದೆಲ್ಲ ಮಣ್ಣುಪಾಲು. ಸರಿಹೋಗದಿದ್ರೆ ಬೇರೆ ಮೃದಂಗದವರನ್ನ ಕರೆಸ್ತೀನಿ," ಎಂದು ಅತ್ತೆ ಒಳಗೆ ಹೋದರು.

ನನಗೆ ಕೋಪ ನೆತ್ತಿಗೇರಿತ್ತು. "ಯಾಕೆ ಹೇಳಲಿಲ್ಲ?"

"ಹೇಳೋಣ ಅಂತಲೇ ಇದ್ದೆ."

"ಮತ್ತೆ?"

"ಜತಿ ಮುಗಿಸಿ ತಲೆ ಎತ್ತಿ ನೋಡ್ತೀರಲ್ಲ, ಆಗ ತಾಳದ್ದೇ ತಪ್ಪೇನೋ ಅನ್ನಿಸಿಬಿಡೋದು."

ಕೋಪದಲ್ಲೂ ನಗು ಬಂತು. ತುಟಿ ಕಚ್ಚಿಕೊಂಡೆ. "ಇನ್ಮೇಲೆ ನನ್ನ ಹಿಂದೆ ಬರಬೇಡಿ. ನಾನು ಎಡವಿದ್ರೂ ಸರಿ."

"ಕಷ್ಟ."

"ಅಭ್ಯಾಸ ಮಾಡ್ಕೊಳ್ಳಿ."

ಮರುದಿನದಿಂದ ಅವರು ಗೋಡೆ ನೋಡುತ್ತ ನುಡಿಸಿದರು. ನನ್ನ ತಪ್ಪೆಲ್ಲ ಬಟಾಬಯಲಾಯಿತು. ಅಂಗಾಲು ಉರಿಯುವವರೆಗೆ ಕುಣಿದೆ, ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಟ್ಟು ಕಣ್ಣೀರು ಹಾಕಿದೆ. ಅವರ ನೋಟವಿಲ್ಲದೆ ಆ ಹಾಲ್ ಎಷ್ಟು ಬಣಗುಟ್ಟುತ್ತದೆ ಎಂದು ತಿಳಿದದ್ದೂ ಆಗಲೇ.

ರಂಗಪ್ರವೇಶದ ದಿನ ಎಲ್ಲಕ್ಕಿಂತ ಉದ್ದದ ಆ ಜತಿ ಬಂತು. ಓಡಲು ಕಾಲು ತವಕಿಸಿತು. ತಡೆದು, ಮೃದಂಗಕ್ಕೆ ಕಿವಿಗೊಟ್ಟೆ. ಎರಡು ಪೆಟ್ಟುಗಳ ನಡುವೆ ಎಷ್ಟೊಂದು ಜಾಗ. ಅಲ್ಲಿ ಉಸಿರು ಎಳೆದುಕೊಳ್ಳಬಹುದಿತ್ತು, ಕಣ್ಣು ಅರಳಿಸಬಹುದಿತ್ತು. ಅಷ್ಟು ದೊಡ್ಡ ಮನೆಯನ್ನು ನಾನು ಇಷ್ಟು ದಿನ ಹೊಸ್ತಿಲಿಂದಲೇ ಇಣುಕಿ ಓಡಿಬರುತ್ತಿದ್ದೆ. ಹೆಜ್ಜೆ, ತಾಳ, ಮೃದಂಗ ಒಂದೇ ಕ್ಷಣಕ್ಕೆ ನೆಲಕ್ಕಿಳಿದವು. ಮೈ ಜುಮ್ಮೆಂದಿತು. ಇದು ನನ್ನದೇ ಕಾಲಾ ಎಂದು ನಾನೇ ಬೆರಗಾದೆ.

ಗ್ರೀನ್ ರೂಮಿನಲ್ಲಿ ಗೆಜ್ಜೆ ಬಿಚ್ಚುತ್ತಿದ್ದಾಗ ಅವರು ಬಾಗಿಲಲ್ಲಿ ನಿಂತರು.

"ಇವತ್ತು ನಿಮ್ಮನ್ನೇ ನೋಡ್ತಾ ನುಡಿಸಿದೆ," ಎಂದರು. "ಭಯ ಆಯ್ತು."

"ಯಾಕೆ?"

"ಇನ್ನು ನಿಮಗೆ ನನ್ನ ಸಹಾಯ ಬೇಡ."

"ಸಹಾಯ ಬೇಡ. ನೀವು ಬೇಕು."

ಅವರು ಬಂದು ಪಕ್ಕದಲ್ಲಿ ಕೂತರು. ನನ್ನ ಕೈಗೆ ಬಾರದ ಗೆಜ್ಜೆಯ ಗಂಟನ್ನು ಬಿಡಿಸಲು ಹೋದರು. ಜತಿಯುದ್ದಕ್ಕೂ ಒಂದು ಪೆಟ್ಟೂ ತಪ್ಪದ ಬೆರಳುಗಳು ಈಗ ಗಂಟನ್ನು ಇನ್ನಷ್ಟು ಬಿಗಿಮಾಡಿದವು.

"ಏನಾದ್ರೂ ಹೇಳಿ," ಎಂದೆ.

"ಸ್ವಲ್ಪ ತಾಳಿ. ಈ ಗಂಟು ಬಿಡಿಸಿ ಹೇಳ್ತೀನಿ."

ಹೊರಗೆ ಫೋಟೋಗೆ ನಮ್ಮಿಬ್ಬರನ್ನೂ ಕರೆಯುತ್ತಿದ್ದರು. ನಾವು ಏಳಲಿಲ್ಲ.