ಮೂರನೆಯ ಮಣಿ

ಬಹಳ ಹಿಂದೆ, ಹೊನ್ನಗಿರಿ ಎಂಬ ರಾಜ್ಯದಲ್ಲಿ, ಕರಾಳಾಕ್ಷನೆಂಬ ಮಂತ್ರವಾದಿ ಊರಿನ ಮಕ್ಕಳನ್ನೆಲ್ಲ ಪಾರಿವಾಳ ಮಾಡಿ ಬೆಟ್ಟದ ಗುಹೆಯಲ್ಲಿ ಕೂಡಿಹಾಕಿದ. ಜೇನು ಕೀಳುವ ಮಾಚಯ್ಯನ ಒಬ್ಬಳೇ ಮಗಳು ಕೆಂಚಿಯೂ ಅವರಲ್ಲಿದ್ದಳು. ಬಿಡಿಸಲು ಹೋದ ಮಾಚಯ್ಯನ ಮೊಣಕಾಲಿಗೆ ಅಲ್ಲಿನ ಕಲ್ಲುಹುಲಿ ಬಾಯಿ ಹಾಕಿತು. ಕಚ್ಚಿದ ಕಡೆ ಮೂಳೆ ಕಲ್ಲಾಯಿತು.

ವೈದ್ಯೆ ಸಿದ್ದಜ್ಜಿ ಮೊಣಕಾಲು ಕೊಯ್ದು, ಕಲ್ಲು ತೆಗೆದು, ಹೊಲಿದು, ಮೇಲೆ ಮೂರು ಮಣಿಯ ಪಟ್ಟಿ ಕಟ್ಟಿದಳು. ಕಾಲು ತುಸು ಮಡಿಸಿದರೆ ಮೊದಲ ಮಣಿ ಬೆಳಗುತ್ತದೆ, ಅರ್ಧ ಮಡಿಸಿದರೆ ಎರಡನೆಯದು, ಮಂಡಿಯೂರುವಷ್ಟು ಮಡಿಸಿದರೆ ಮೂರನೆಯದು. ಬೆಳಗಿದ ಮಣಿ ರಾತ್ರಿಯವರೆಗೆ ಆರುವುದಿಲ್ಲ. ಮಂತ್ರವಾದಿಯ ಪ್ರಾಣ ನೆಲದ ಕುಳಿಯೊಳಗಿನ ದೀಪದಲ್ಲಿದೆ, ಮಂಡಿಯೂರಿಯೇ ಅದನ್ನು ಊದಬೇಕು, ಒಂದು ತಿಂಗಳು ದಿನಾ ಕಾಲು ಮಡಿಸು, ಮೂರೂ ಮಣಿ ಬೆಳಗಿದ ದಿನ ಹೊರಡು ಎಂದಳು ಅಜ್ಜಿ.

ಮೊದಲ ಮಣಿ ಬೆಳಗುವಷ್ಟರಲ್ಲಿ ಮಾಚಯ್ಯನಿಗೆ ಜೀವ ಹೋಗಿ ಬಂತು. ಎರಡನೆಯದಕ್ಕೆ ಹಲ್ಲು ಕಚ್ಚಿಕೊಂಡು ಅತ್ತ. ಮೂರನೆಯದು ಬೆಳಗಲೇ ಇಲ್ಲ. ಬಂಡೆ ಹತ್ತಿ ಬೆಳೆದ ಗಂಡಸಿಗೆ ಕೂತು ಕಾಲು ಮಡಿಸುವ ತಾಳ್ಮೆ ಎಲ್ಲಿಂದ ಬರಬೇಕು? ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿ, ಅಂಗಳ ಸಾರಿಸಲು ಹೊರಟ ಹೆಂಡತಿ ನಾಗವ್ವನ ಕಾಲಿಗೆ ಕಟ್ಟಿದ.

"ಅಜ್ಜಿಗೆ ಹೇಳಿ ಇನ್ನಷ್ಟು ದಿನ ಕೇಳಿ," ಎಂದಳು ನಾಗವ್ವ.

ಮಗಳು ಗುಹೆಯಲ್ಲಿ ಕೊಳೆಯುತ್ತಿದ್ದಾಳೆ, ನಿನಗೇನು ಎಂದು ಗದರಿಬಿಟ್ಟ. ಅವಳು ಕುಕ್ಕರಗಾಲಲ್ಲಿ ಕೂತು ಸಾರಿಸುವಷ್ಟರಲ್ಲಿ ಮೂರೂ ಮಣಿ ಬೆಳಗಿದವು. ಪಟ್ಟಿ ಮತ್ತೆ ಅವನ ಕಾಲಿಗೆ ಬಂತು. ಸಂಜೆ ನೋಡಿದ ಅಜ್ಜಿ ಹಿಗ್ಗಿ ಹರಸಿ ಕಳಿಸಿದಳು. ಮನಸ್ಸು ತಡೆಯದೆ ನಾಗವ್ವನೂ ಹಿಂದೆಯೇ ಹೋದಳು.

ಗುಹೆಯ ಮೊದಲ ಬಾಗಿಲಲ್ಲಿ ಹಾವಿತ್ತು, ಹೊಗೆ ಹಾಕಿ ದಾಟಿದ. ಎರಡನೆಯದರಲ್ಲಿ ಕಲ್ಲುಹುಲಿಯಿತ್ತು, ಕಣ್ಣಿಗೆ ಜೇನುಮೇಣ ಮೆತ್ತಿ ದಾಟಿದ. ಮೂರನೆಯದರಲ್ಲಿ ದೀಪವಿತ್ತು, ಬಗ್ಗಿದ. ಮಂಡಿ ಅರ್ಧಕ್ಕೆ ನಿಂತಿತು. ಮಂತ್ರವಾದಿ ಕೋಲೆತ್ತಿ ಓಡಿಬಂದ. ನಾಗವ್ವ ನುಗ್ಗಿ ಮಂಡಿಯೂರಿದಳು. ಕೋಲು ಅವಳ ಮೊಣಕಾಲಿಗೆ ಬಿತ್ತು. ಆದರೂ ಊದಿದಳು.

ಮಂತ್ರವಾದಿ ಬೂದಿಯಾದ. ಪಾರಿವಾಳಗಳು ಮಕ್ಕಳಾದವು. ಕೆಂಚಿ ಅಪ್ಪನ ಕೊರಳಿಗೆ ಬಿದ್ದಳು. ಕೋಲು ಬಿದ್ದ ಕಡೆ ಅವ್ವನ ಮೊಣಕಾಲು ಕಲ್ಲಾಗಿತ್ತು.

ಸಿದ್ದಜ್ಜಿ ಮತ್ತೆ ಕೊಯ್ದಳು, ಹೊಲಿದಳು, ಅದೇ ಪಟ್ಟಿ ಕಟ್ಟಿದಳು. ಮಾಚಯ್ಯ ಎಲ್ಲ ಹೇಳಿಕೊಂಡು ಅತ್ತ. ಅಜ್ಜಿ ಬೈಯಲಿಲ್ಲ.

"ಇನ್ನೊಂದು ತಿಂಗಳು ಕೇಳಿದ್ದರೆ ಬೇಡ ಅಂತಿದ್ದೆನೇನಪ್ಪಾ?" ಎಂದಳು.

ಊರೆಲ್ಲ ಸುಖವಾಗಿತ್ತು, ಮಕ್ಕಳು ಬೆಳೆದು ದೊಡ್ಡವರಾದರು. ಅಂಗಳ ಸಾರಿಸುವ ಕೆಲಸ ಮಾಚಯ್ಯನದಾಯಿತು. ದಿನವೂ ಸಾರಿಸಿ ಸಾರಿಸಿ ಅವನ ಮಂಡಿ ಸಲೀಸಾಗಿ ಮಡಚುವಂತಾಯಿತು. ಜಗಲಿಯಲ್ಲಿ ಕಾಲು ಚಾಚಿ ಕೂತ ನಾಗವ್ವನ ಪಟ್ಟಿಯಲ್ಲಿ ಎರಡು ಮಣಿ ಬೆಳಗುತ್ತಿದ್ದವು. ಮೂರನೆಯದು ಬೆಳಗಿತೇ ಎಂದು ಅವನು ದಿನಾ ಸಂಜೆ ನೋಡುತ್ತಿದ್ದ.